ಹಾಡಿಗೆ ಕಟ್ಟಿದ ನೀರಿನ ಪಾಳಿ

ನನ್ನ ಹೆಂಡತಿಯ ಹೊಲಕ್ಕೆ ಹಕ್ಕಿನಿಂದ ಬರಬೇಕಾಗಿದ್ದ ಕಾಲುವೆ ನೀರನ್ನು, ಟಿವಿಯ ಹಾಸ್ಯ ಧಾರಾವಾಹಿಯೊಂದರ ಹಾಡನ್ನು ನೆಪ ಮಾಡಿಕೊಂಡು, ನಮ್ಮೂರಿನ ಹಿರಿಯರು ತಪ್ಪಿಸಿದರು. ಅದರಿಂದ ಆ ವರ್ಷ ಅವಳ ಕೆಳಗಿನ ಮಡಿಯಲ್ಲಿ ಭತ್ತದ ನಾಟಿ ಆಗಲಿಲ್ಲ. ಅನ್ಯಾಯ ಇಷ್ಟೇ. ಕೇಳಿದವರೆಲ್ಲ ನಗುತ್ತಾರೆ. ಶಹಾಪುರದ ಬಸ್ ನಿಲ್ದಾಣದಲ್ಲಿ ಒಮ್ಮೆ ಇದನ್ನು ವಿವರಿಸಿದಾಗ, ನನ್ನೊಡನೆ ಕೆಲಸ ಮಾಡಿದ್ದ ಮಾಸ್ತರರೊಬ್ಬರು ನಡುವೆ ಎದ್ದುಹೋಗಿ, ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಬಂದು, ಬಾಯಿ ತುಂಬ ನಕ್ಕರು. ಆದ್ದರಿಂದ ಈಗ ಬರೆಯುತ್ತಿದ್ದೇನೆ. ಓದುವವರು ನಕ್ಕರೆ ನನಗೆ ಕೇಳಿಸುವುದಿಲ್ಲ.

ಹೊಲ ಅವಳದು ಎಂಬುದನ್ನು ಮೊದಲೇ ಹೇಳಬೇಕು, ಏಕೆಂದರೆ ಊರಿನವರು ಅದನ್ನು ಯಾವಾಗಲೂ 'ಮಾಸ್ತರ್ ಹೊಲ' ಎಂದೇ ಕರೆದರು. ಅವಳು ಬಳಿಚಕ್ರದ ಕಡೆಯವಳು. ಮಳೆಯನ್ನೇ ನಂಬಿದ ಜೋಳ, ತೊಗರಿಯ ಮನೆ. ಅನ್ನ ಕಾಣುತ್ತಿದ್ದದ್ದು ಹಬ್ಬಕ್ಕೆ, ಇಲ್ಲವೇ ಯಾರಿಗಾದರೂ ಜ್ವರ ಬಂದಾಗ. ಚಿಕ್ಕವಳಿದ್ದಾಗ ಗಂಜಿಯ ಆಸೆಗೆ ಹಣೆಯನ್ನು ಬಿಸಿಲಿಗೆ ಒಡ್ಡಿ, ಜ್ವರವೆಂದು ಮಲಗುತ್ತಿದ್ದಳಂತೆ. ತವರಿನ ಪಾಲು ಮಾರಿ ನಮ್ಮೂರಲ್ಲಿ ಹೊಲ ಕೊಂಡ ಕೆಲವೇ ವರ್ಷಗಳಲ್ಲಿ ಕಾಲುವೆ ಬಂತು. ಸುತ್ತಲಿನ ಕರಿ ಎರೆಮಣ್ಣಿನಲ್ಲಿ ನೀರು ನಿಂತು ಆಕಾಶ ಕಾಣತೊಡಗಿತು. ಮೇಲಿನ ಮಡಿಗೆ ಹತ್ತಿ ಹಾಕಿದ್ದೆವು. ಕೆಳಗಿನದನ್ನು ಅವಳು ಭತ್ತಕ್ಕೆಂದು ಬಿಡಿಸಿದಳು. "ನಮ್ಮ ಹೊಲದ ಅಕ್ಕಿ ನಮ್ಮ ಒಲಿ ಮ್ಯಾಲ ಕುದೀಬೇಕ್ರಿ, ಒಂದೇ ವರ್ಷ ಸಾಕು" ಎಂದಳು. ಮದುವೆಯಾದಂದಿನಿಂದ ಅವಳು ನನ್ನಲ್ಲಿ ಕೇಳಿಕೊಂಡದ್ದು ಇದೊಂದೇ.

ನಮ್ಮ ತೂಬಿನ ಮೇಲೆ ನನ್ನ ಪಾಳಿ ರವಿವಾರ, ನಸುಕಿನಿಂದ ಸಂಜೆಯವರೆಗೆ. ಸಂಜೆಯಿಂದ ಮರುದಿನದ ನಸುಕಿನವರೆಗೆ ಸಾಹುಕಾರರದು. ಸಾಹುಕಾರರೆಂದರೆ ರಂಗಂಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವರು. ಕಾಲುವೆ ಬಂದ ಮೇಲೆ ಭೂಮಿಯ ಮೇಲೆ ಪ್ರೀತಿ ಹುಟ್ಟಿ ನಮ್ಮೂರಲ್ಲಿ ಹೊಲ ಕೊಂಡವರು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಊರ ಗುಡಿಗೆ ಅವರು ಕೊಡಿಸಿದ ಧ್ವನಿವರ್ಧಕದ ಹಾರ್ನಿನ ಮೇಲೆ ಅವರೇ ದೊಡ್ಡದಾಗಿ ಬರೆಸಿದ್ದಾರೆ.

ಉಳಿದೆಲ್ಲರ ಪಾಳಿ ನಸುಕಿಗೆ ಬದಲಾಗುತ್ತಿತ್ತು, ಅದಕ್ಕೆ ಕೋಳಿಯೇ ಸಾಕಿತ್ತು. ಸಂಜೆಗೆ ಬದಲಾಗುವುದು ನಮ್ಮಿಬ್ಬರದು ಮಾತ್ರ. ಶ್ರಾವಣದ ಮೋಡದಲ್ಲಿ ಹೊತ್ತು ಮುಳುಗಿತೋ ಇಲ್ಲವೋ ಎಂದು ಹೇಳುವವರಿರಲಿಲ್ಲ. ನಾನು ಕೈಗಡಿಯಾರ ತೋರಿಸಿದೆ. ಪ್ರತಿದಿನ ಮುಂಜಾನೆ ರೇಡಿಯೋ ವಾರ್ತೆಗೆ ಸರಿಯಾಗಿ ಮುಳ್ಳು ಕೂಡಿಸುತ್ತಿದ್ದವನು ನಾನು. ಯಾದಗಿರಿಗೆ ಹೋದಾಗಲೆಲ್ಲ ಸ್ಟೇಷನ್ನಿನ ಗಡಿಯಾರದೊಡನೆ ತಾಳೆ ನೋಡುತ್ತಿದ್ದೆ. ಹಿರಿಯರ ಪೈಕಿ ಎಲ್ಲರಿಗಿಂತ ದೊಡ್ಡವರು, ಊರ ಗೌಡರು, ಅದನ್ನು ಕಿವಿಗೆ ಹಚ್ಚಿ ಕೇಳಿದರು.

"ಗಡಿಯಾರ ಚಲೋ ಅದ ಮಾಸ್ತರ್. ಆದ್ರ ಅದು ನಿಮ್ಮ ಕೈಯಾಗ ಅದ. ನಿಮ್ಮ ಕಡಿಗೇ ಓಡ್ತದ."

ಎಲ್ಲರೂ ನಕ್ಕರು. ಆ ಗಡಿಯಾರ ಈಗಲೂ ನನ್ನಲ್ಲಿದೆ. ಈಗಲೂ ಸರಿಯಾಗಿದೆ.

ಆಗ ಪಂಚಾಯಿತಿಯ ಟಿವಿ ಗುಡಿಯ ಕಟ್ಟೆಯ ಮೇಲಿತ್ತು. ರವಿವಾರ ಸಂಜೆ ಹಾಡಿನ ಧಾರಾವಾಹಿಯೊಂದು ಬರುತ್ತಿತ್ತು. ಮದುವೆಗೆ ಬ್ಯಾಂಡು ಬಾರಿಸುವ ಒಂದು ಮನೆಯ ಕಥೆ. ಆ ಮನೆಯವರು ಸಾರಿಗೆ ಉಪ್ಪು ಕಡಿಮೆಯಾದರೂ ಹಾಡುತ್ತಿದ್ದರು, ಬಾಡಿಗೆ ಕೇಳಲು ಬಂದವನೂ ಹಾಡಿನಲ್ಲೇ ಕೇಳುತ್ತಿದ್ದ. ಆರಂಭದಲ್ಲಿ ಬರುವ ಹಾಡಿನಲ್ಲಿ ಮನೆಯ ಅಳಿಯ ಇನ್ನು ಈ ಮನೆಯಲ್ಲಿ ಇರಲಾರೆನೆಂದು ಹೊರಟು, ಚಪ್ಪಲಿ ಸಿಗದೆ ಮರಳಿ ಒಳಗೆ ಬರುತ್ತಾನೆ. ಹೊಲದಲ್ಲಿದ್ದವರಿಗೂ ತಿಳಿಯಲೆಂದು ಟಿವಿಯನ್ನು ಸಾಹುಕಾರರ ಹಾರ್ನಿಗೆ ಜೋಡಿಸುತ್ತಿದ್ದರು. ಕರೆಂಟು ಹೋದರೆ ಟ್ರ್ಯಾಕ್ಟರಿನ ಬ್ಯಾಟರಿ ಹಚ್ಚುತ್ತಿದ್ದರು. ಆ ಹಾಡಿಗೆ ಮಾತ್ರ ನಮ್ಮೂರಲ್ಲಿ ತಡೆಯಿರಲಿಲ್ಲ.

"ಹಾಡ ಬಂದಾಗ ಪಾಳಿ ಬದಲಿ" ಎಂದರು ಗೌಡರು. "ಟಿವಿ ಯಾರ ಬೀಗರೂ ಅಲ್ಲ."

ನಮ್ಮಲ್ಲಿ ನೀರಿನ ಕರಾರು ಬಾಯಿಮಾತಿನದು. ಎಲ್ಲರೂ ತೂಬಿನ ಬಳಿ ಕುಳಿತು, ಹರಿಯುವ ನೀರಿನಲ್ಲಿ ಅಂಗೈ ಅದ್ದಿ ಮಾತು ಆಡಬೇಕು. ಹಾಗೆ ಆಡಿದ್ದನ್ನು ಬೆಳೆ ಕೊಯ್ಯುವವರೆಗೆ ಯಾರೂ ತಿದ್ದುವಂತಿಲ್ಲ. ನಾನೂ ಅದ್ದಿದೆ. ನೀರು ತಣ್ಣಗಿತ್ತು.

ಮೊದಮೊದಲು ಎಲ್ಲ ಸರಿಯಾಗಿಯೇ ನಡೆಯಿತು. ಅನಂತರ ಆ ಹಾಡು ಜನಪ್ರಿಯವಾಯಿತು. ಸುರಪುರದ ಚಹಾ ಅಂಗಡಿಗಳಲ್ಲಿ ಅದೇ, ಶಹಾಪುರದ ಕ್ಯಾಸೆಟ್ ಅಂಗಡಿಯ ಬಾಗಿಲಲ್ಲಿ ಅದೇ. ಭತ್ತ ಬಂದ ಮೇಲೆ ಟ್ರ್ಯಾಕ್ಟರುಗಳು ಬಂದಿದ್ದವು, ಟ್ರ್ಯಾಕ್ಟರುಗಳ ಜೊತೆ ಟೇಪುಗಳು. ಒಂದು ರವಿವಾರ ಮಧ್ಯಾಹ್ನ, ಕೆಳಗಿನ ಮಡಿಗೆ ನೀರು ಆಗತಾನೆ ತಲುಪುತ್ತಿದ್ದಾಗ, ಕಾಲುವೆ ದಂಡೆಯ ಮೇಲೊಂದು ಟ್ರ್ಯಾಕ್ಟರು ಆ ಹಾಡನ್ನು ಹಾಡಿಕೊಂಡು ಹೋಯಿತು. ಅದರ ಧೂಳು ಅಡಗುವ ಮೊದಲೇ ಸಾಹುಕಾರರು ಸಲಿಕೆ ಹಿಡಿದು ಬಂದರು.

"ಹಾಡ ಬಂತ್ರಿ ಮಾಸ್ತರ್. ನೀರ ತಿರುವ್ರಿ."

"ಅದು ಟ್ರ್ಯಾಕ್ಟರ್ ರೀ!"

"ಹೌದ್ರಿ. ಹಾಡ ಯಾವುದು?"

ಅವರೇ ನೀರು ತಿರುವಿಕೊಂಡರು. ಆ ಸಂಜೆ ಹೋಟೆಲಿನಲ್ಲಿ ಹಿರಿಯರು ಕೂಡಿದರು. ಸಾಹುಕಾರರಿಗೆ ಕಪ್ಪಿನಲ್ಲಿ ಚಹಾ ಬಂತು, ನನಗೆ ಬಸಿಯಲ್ಲಿ. ಟಿವಿಯ ಹಾಡು ಬೇರೆ, ಟೇಪಿನ ಹಾಡು ಬೇರೆ ಎಂದು ನಾನು ಸಾವಕಾಶವಾಗಿ, ಶಾಲೆಯಲ್ಲಿ ದಡ್ಡರಿಗೆ ಭಿನ್ನರಾಶಿ ಬಿಡಿಸಿ ಹೇಳುವ ತಾಳ್ಮೆಯಿಂದ ವಿವರಿಸಿದೆ. ಅದು ಅವರಿಗೆ ಹಿತವಾಗಲಿಲ್ಲವೆಂದು ಕಾಣುತ್ತದೆ.

"ನೀರಾಗ ಕೈ ಇಟ್ಟು ಏನಂದೇವಿ?" ಗೌಡರು ಕೇಳಿದರು. "ಹಾಡ ಬಂದಾಗ ಅಂದೇವಿ. ಎಲ್ಲಿಂದ ಬಂದಾಗ ಅಂತ ಅಂದಿಲ್ಲ. ಸುಗ್ಗಿ ಆಗಲಿ, ಮತ್ತ ಕೂಡ್ರೋಣು."

ಸಾಹುಕಾರರ ಪಾಳಿ ಮುಗಿಯುವುದು ನಸುಕಿನಲ್ಲಿ. ಅದಕ್ಕೆ ಕೋಳಿಯೇ ಗುರುತು, ಯಾವ ಹಾಡೂ ಅದನ್ನು ಮೊಟಕು ಮಾಡುವಂತಿರಲಿಲ್ಲ.

ಮುಂದಿನ ರವಿವಾರಕ್ಕೆ ನಾನು ಎಚ್ಚರ ವಹಿಸಿದೆ. ದಂಡೆಯ ಮೇಲೆ ನಿಂತು, ಬಂದ ಟ್ರ್ಯಾಕ್ಟರುಗಳಿಗೆಲ್ಲ ಕೈ ಮುಗಿದು ಟೇಪು ಬಂದ್ ಮಾಡಿಸಿದೆ. "ಮಾಸ್ತರ್ರಿಗೆ ಹಾಡಂದ್ರ ಆಗಿಬರಂಗಿಲ್ಲಪ್ಪೋ" ಎಂದು ಡ್ರೈವರೊಬ್ಬ ಕೂಗಿದ. ಅದನ್ನೂ ಸಹಿಸಿದೆ. ಮಡಿಯಲ್ಲಿ ನೀರು ತುಂಬುತ್ತಿತ್ತು. ನಾಟಿಗೆ ಬಂದ ಹೆಣ್ಣಾಳುಗಳು ಅತ್ತ ಮಡಿ ತುಂಬುವವರೆಗೆ ಇತ್ತ ಸಸಿ ಕೀಳುತ್ತ ಕುಳಿತಿದ್ದರು. ನನ್ನ ಹೆಂಡತಿಯೂ ಅವರ ನಡುವೆ ಇದ್ದಳು. ಕೈಗೆ ಕೆಲಸವಿದ್ದಾಗ ಬಾಯಿ ಸುಮ್ಮನಿರುವುದಿಲ್ಲ. ಒಬ್ಬಳು ಅದೇ ಹಾಡು ಎತ್ತಿಕೊಂಡಳು, ಉಳಿದವರು ದನಿ ಕೂಡಿಸಿದರು. ಅಳಿಯ ಮನೆ ಬಿಟ್ಟು ಹೊರಟಿದ್ದ. ನಾನು ದಂಡೆಯಿಂದ ಓಡಿ ಬರುವಷ್ಟರಲ್ಲಿ ಅವನು ಚಪ್ಪಲಿ ಹುಡುಕುತ್ತಿದ್ದ, ಸಾಹುಕಾರರು ತೂಬಿನ ಬಳಿ ನಿಂತಿದ್ದರು.

"ಈ ಸಲ ನಿಮ್ಮ ಹೊಲದಾಗಿಂದೇ ಬಂತಲ್ರಿ" ಎಂದರು.

ಆಳುಗಳಲ್ಲಿ ಹಿರಿಯಳೊಬ್ಬಳು ಎದ್ದು ನಿಂತಳು. "ಅಯ್ಯ ಸಾವ್ಕಾರ್ರ, ನಾವೇನ್ ಟಿವಿ ಏನ್ರಿ? ನಮ್ಮ ಮಾರಿ ಮ್ಯಾಲ ಚಿತ್ರ ಬರಾಕತ್ತಾವೇನು, ನೋಡ್ರಿ ಬಂದು!"

ಎಲ್ಲರೂ ನಕ್ಕರು, ಸಾಹುಕಾರರೂ ನಕ್ಕರು. ನಗುತ್ತಲೇ ನೀರು ತಿರುವಿಕೊಂಡರು. ನನ್ನ ಹೆಂಡತಿ ಮಾತ್ರ ನಗಲಿಲ್ಲ. ಅವಳೂ ದನಿ ಕೂಡಿಸಿದ್ದಳೆಂದು ನನಗೆ ಅನುಮಾನವಿತ್ತು, ಕೇಳಲಿಲ್ಲ. ಕಿತ್ತ ಸಸಿ ಬಾಡಿತು. ಅರ್ಧದಷ್ಟು ಇನ್ನೂ ಸಸಿಮಡಿಯಲ್ಲೇ ಇತ್ತು, ಆದರೆ ಬಲಿಯುತ್ತ ಬಂದಿತ್ತು. ಇನ್ನೊಂದು ವಾರ ದಾಟಿದರೆ ನಾಟಿಗೆ ಬಾರದು ಎಂದು ಹೆಣ್ಣಾಳುಗಳೇ ಹೇಳಿ ಹೋದರು. "ಅರ್ಧ ಮಡಿ ಆದ್ರೂ ಆಗಲಿ" ಎಂದಳು ಅವಳು.

ಅದರ ಮುಂದಿನ ರವಿವಾರ ಕಾಲುವೆಯಲ್ಲಿ ನೀರೇ ಸಣ್ಣಗಿತ್ತು. ದಿನವಿಡೀ ಹರಿದರೂ ಮಡಿಯ ಎರೆ ಬಿರುಕು ಮುಚ್ಚಿ ನೆನೆದದ್ದಷ್ಟೇ. ಇನ್ನು ನೀರು ನಿಲ್ಲಬೇಕು, ಆಮೇಲೆ ನಾಟಿ. ಟ್ರ್ಯಾಕ್ಟರು ಬರಲಿಲ್ಲ, ಹೆಣ್ಣಾಳುಗಳು ಬಾಯಿಗೆ ಸೆರಗು ಕಟ್ಟಿಕೊಂಡು ಕುಳಿತಿದ್ದರು. ಸಂಜೆಯಾಯಿತು. ಹಾರ್ನಿನಿಂದ ಹಾಡು ಬರಲಿಲ್ಲ. ದೂರದ ಯಾವುದೋ ಊರಿನಲ್ಲಿ ಕ್ರಿಕೆಟ್ ಪಂದ್ಯ ಮುಗಿದಿರಲಿಲ್ಲವಂತೆ. ಆ ದಿನ ಧಾರಾವಾಹಿ ಇಲ್ಲವೆಂದು ಸುದ್ದಿ ಬಂತು.

ಜೀವನದಲ್ಲಿ ಕ್ರಿಕೆಟ್ಟಿಗೆ ನಾನು ಕೃತಜ್ಞನಾದದ್ದು ಆ ಒಂದು ಗಳಿಗೆ ಮಾತ್ರ. ಹಾಡು ಬರಲಿಲ್ಲ, ಪಾಳಿ ಮುಗಿಯಲಿಲ್ಲ. ನೀರು ಹರಿಯುತ್ತಿರಲಿ ಎಂದು ಹೆಂಡತಿಗೆ ಹೇಳಿದೆ. ಅವಳು ಆಳುಗಳನ್ನು ಮನೆಗೆ ಬಿಡಲಿಲ್ಲ. ನೀರು ನಿಂತ ಮೂಲೆಯಲ್ಲಿ ತಾನೇ ಮೊದಲ ಸಾಲು ಊರತೊಡಗಿದಳು.

ಸಾಹುಕಾರರು ಒಬ್ಬರೇ ಬರಲಿಲ್ಲ, ಗೌಡರನ್ನೂ ಹಿರಿಯರನ್ನೂ ಕರೆದುಕೊಂಡು ಬಂದರು.

"ಹಾಡ ಬಂದಿಲ್ಲ" ಎಂದೆ.

"ಹಾಡ ಬರಲಿಲ್ಲಂದ್ರ ಹೊತ್ತೂ ಮುಳುಗಲಿಲ್ಲೇನ್ರಿ ಮಾಸ್ತರ್?" ಎಂದರು ಗೌಡರು. "ಕಣ್ಣಿಗೆ ಕಾಣಾಂಗಿಲ್ಲೇನು? ಓದಿದವರಾಗಿ ಹಿಂಗ ಹಟ ಮಾಡಬಾರದು."

ಹಿರಿಯರು ತಲೆಯಾಡಿಸಿದರು. ಸಾಹುಕಾರರು ತೂಬಿನ ಬಳಿ ನಮ್ಮ ಕಡೆಗೆ ಕಲ್ಲು ಇಟ್ಟು ನೀರು ತಿರುವಿಕೊಂಡರು. ನನ್ನ ಹೆಂಡತಿ ಕೆಸರಿನಲ್ಲಿ ಬಾಗಿದವಳು ಬಾಗಿಯೇ ಇದ್ದಳು; ಕೈಯಲ್ಲಿದ್ದ ಸಸಿಯ ಸಿವುಡು ಮುಗಿಯುವವರೆಗೆ ಊರಿ, ಆಮೇಲೆ ಎದ್ದು ಕೈ ತೊಳೆಯಲು ನೀರು ಹುಡುಕಿದಳು. ಆ ಒಂದು ಸಾಲು ಕೆಲವು ದಿನ ಹಸಿರಾಗಿದ್ದು ಒಣಗಿತು. ಉಳಿದ ಸಸಿಯನ್ನು ಎಮ್ಮೆ ತಿಂದಿತು. ಮರುವರ್ಷ ಆ ಮಡಿಗೂ ಹತ್ತಿ ಹಾಕೋಣವೆಂದು ಅವಳೇ ಹೇಳಿದಳು. ಭತ್ತದ ಮಾತನ್ನು ಅವಳು ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಧಾರಾವಾಹಿ ನಿಂತಿತು, ಹಾಡನ್ನು ಜನ ಮರೆತರು. ಊರ ಹಿರಿಯರೇ, ನಿಮ್ಮಲ್ಲಿ ಕೆಲವರು ಇನ್ನೂ ಇದ್ದೀರಿ, ಬಜಾರಿನಲ್ಲಿ ಕಂಡರೆ ನಮಸ್ಕಾರ ಮಾಡುತ್ತೀರಿ. ನಾನೂ ಮಾಡುತ್ತೇನೆ. ಎರಡು ತೀರ್ಪನ್ನೂ ಕೊಟ್ಟವರು ನೀವೇ ಆದ್ದರಿಂದ ನಿಮ್ಮನ್ನೇ ಕೇಳುತ್ತಿದ್ದೇನೆ: ಹಾಡು ಬಂದ ಮಧ್ಯಾಹ್ನ ನೆತ್ತಿಯ ಮೇಲಿದ್ದ ಸೂರ್ಯನನ್ನು ನೋಡದ ನಿಮ್ಮ ಕಣ್ಣಿಗೆ, ಹಾಡು ಬಾರದ ಆ ಸಂಜೆ, ಮೋಡದ ಹಿಂದೆ ಅವನು ಮುಳುಗಿದ್ದು ಹೇಗೆ ಕಂಡಿತು?