ಕ ಅಕ್ಷರದ ಹಾಡು

ನಮ್ಮ ಚಿಕ್ಕಮ್ಮ ಇಪ್ಪತ್ತೆರಡು ವರ್ಷ ಒಂದೇ ನಾಟಕ ಕಂಪನಿಯಲ್ಲಿ ಪ್ರಾಂಪ್ಟರ್ ಆಗಿದ್ದಳು. ಪರದೆಯ ಪಕ್ಕದ ಸಂದಿಯಲ್ಲಿ ಸ್ಟೂಲು ಹಾಕಿಕೊಂಡು ಕೂತು, ಮಾತು ಮರೆತ ನಟರಿಗೆ ಮುಂದಿನ ಸಾಲು ಪಿಸುಗುಟ್ಟುವ ಕೆಲಸ. ಅವಳ ಪಿಸುಮಾತು ರಂಗದ ಮೇಲಿದ್ದವರಿಗೆ ಸ್ಪಷ್ಟವಾಗಿ ಮುಟ್ಟುತ್ತಿತ್ತು, ಮುಂದಿನ ಸಾಲಿನ ಪ್ರೇಕ್ಷಕರಿಗೆ ಮಾತ್ರ ಸುಳಿವೂ ಸಿಗುತ್ತಿರಲಿಲ್ಲ. ಎಲ್ಲರೂ ಅದನ್ನು ದೊಡ್ಡ ವಿದ್ಯೆ ಅನ್ನುತ್ತಿದ್ದರು.

ವಿಚಿತ್ರ ಅಂದರೆ ಅವಳಿಗೆ ಉಗ್ಗು ಇತ್ತು. ಪಿಸುಗುಟ್ಟುವಾಗ ಒಂದಕ್ಷರವೂ ಎಡವುತ್ತಿರಲಿಲ್ಲ. ದನಿ ತೆಗೆದು ಮಾತಾಡಿದಳೋ, ‘ಕ’ದಿಂದ ಶುರುವಾಗುವ ಪದ ಬಂದಲ್ಲಿ ಗಾಡಿ ನಿಂತುಬಿಡುತ್ತಿತ್ತು. ಆ ಅಕ್ಷರ ಅವಳಿಗೆ ಕಬ್ಬಿಣದ ಕಡಲೆ ಎಂದು ಅಪ್ಪ ಹೇಳುತ್ತಿದ್ದರು, ‘ಪಾಪ, ಅದನ್ನೂ ಅವಳಿಂದ ಹೇಳಿಸೋ ಹಾಗಿಲ್ಲ’ ಎಂದು ಸೇರಿಸುತ್ತಿದ್ದರು. ಚಿಕ್ಕಮ್ಮನೂ ನಗುತ್ತಿದ್ದಳು. ಮನೆಯೊಳಗಿನ ನಗು ಅದು, ಯಾರಿಗೂ ಚುಚ್ಚುತ್ತಿರಲಿಲ್ಲ. ಆದರೆ ಅವಳು ‘ಕ’ ಹತ್ತಿರ ನಿಂತಾಗ ನಾವೆಲ್ಲ ಉಳಿದ ಮಾತನ್ನು ನಾವೇ ಮುಗಿಸಿಬಿಡುತ್ತಿದ್ದೆವು. ಅಮ್ಮನೂ ಹಾಗೇ, ನಾನೂ ಹಾಗೇ. ಸಹಾಯ ಮಾಡುತ್ತಿದ್ದೇವೆ ಅಂದುಕೊಂಡಿದ್ದೆವು.

ಮುಗಿಸದೆ ಕಾಯುತ್ತಿದ್ದವಳು ಒಬ್ಬಳೇ, ಕಂಪನಿಯ ಹಾಸ್ಯನಟಿ. ನಿಂತಲ್ಲಿ ನಿಲ್ಲದವಳು ಎಂದು ಎಲ್ಲರೂ ಅವಳನ್ನು ಬುಗುರಿ ಅನ್ನುತ್ತಿದ್ದರು. ಚಿಕ್ಕಮ್ಮನಿಗಿಂತ ನಾಲ್ಕು ವರ್ಷ ಚಿಕ್ಕವಳು, ಅಕ್ಕ ಅನ್ನುತ್ತಿದ್ದಳು. ಅಷ್ಟು ಚಡಪಡಿಕೆಯ ಹೆಂಗಸು ಚಿಕ್ಕಮ್ಮ ಮಾತಾಡುವಾಗ ಮಾತ್ರ ಗಲ್ಲಕ್ಕೆ ಕೈಕೊಟ್ಟು, ಅವಳ ತುಟಿಯನ್ನೇ ನೋಡುತ್ತಾ ಸುಮ್ಮನೆ ಕೂರುತ್ತಿದ್ದಳು. ಎಷ್ಟು ಹೊತ್ತಾದರೂ ಸರಿ. ‘ಅವಳ ಹತ್ತಿರ ಮಾತಾಡಿದರೆ ಎದೆ ಹಗುರ ಆಗುತ್ತೆ’ ಎಂದು ಚಿಕ್ಕಮ್ಮ ಅಮ್ಮನಿಗೆ ಹೇಳಿದ್ದುಂಟು.

ಆ ಕಂಪನಿಯ ಹೊಟ್ಟೆ ತುಂಬಿಸುತ್ತಿದ್ದದ್ದು ಒಂದು ಹಳೆಯ ಹಾಸ್ಯ ನಾಟಕ. ಅಜ್ಜಂದಿರ ಕಾಲದಿಂದ ಆಡುತ್ತಿದ್ದದ್ದು. ತನ್ನ ಮನೆಯವರಲ್ಲಿ ಯಾರಿಗೆ ತನ್ನ ಮೇಲೆ ಪ್ರೀತಿ, ಯಾರಿಗೆ ಆಸ್ತಿಯ ಮೇಲೆ ಎಂದು ತಿಳಿಯಲು ಒಬ್ಬ ಸಾಹುಕಾರ ಕಿವುಡನಂತೆ ನಟಿಸುತ್ತಾನೆ. ಗುಟ್ಟು ಗೊತ್ತಿರುವವಳು ಮನೆಗೆಲಸದವಳೊಬ್ಬಳೇ. ಒಂದು ದೃಶ್ಯದಲ್ಲಿ ಕಳ್ಳ ನುಗ್ಗುತ್ತಾನೆ. ಅವಳು ಸಾಹುಕಾರನ ಕಿವಿಗೇ ಬಾಯಿಟ್ಟು ‘ಕಳ್ಳ, ಕಳ್ಳ’ ಎಂದು ಕಿರುಚುತ್ತಾಳೆ. ನೆಂಟರೆಲ್ಲ ಅವನಿಗೆ ಕೇಳಿಸುತ್ತದೋ ಎಂದು ಅವನನ್ನೇ ನೋಡುತ್ತಾ ನಿಂತಿರುವುದರಿಂದ ಅವನು ತಿರುಗಿ ನೋಡುವಂತಿಲ್ಲ. ಬೆನ್ನ ಹಿಂದೆಯೇ ಹಣದ ಪೆಟ್ಟಿಗೆ ಹೋಗುತ್ತದೆ. ಕೆಲಸದವಳ ಪಾತ್ರ ಬುಗುರಿಯದು. ನಾಟಕದ ಹೆಸರು ‘ಕಿವುಡ’ನಿಂದಲೇ ಶುರುವಾಗುತ್ತಿದ್ದದ್ದರಿಂದ ಚಿಕ್ಕಮ್ಮ ಅದನ್ನು ಬರೀ ‘ಸಾಹುಕಾರ’ ಅನ್ನುತ್ತಿದ್ದಳು.

ನಾನು ಹೈಸ್ಕೂಲು ಮುಗಿಸಿದ ವರ್ಷ ಒಬ್ಬ ನಿರ್ದೇಶಕ ಅದನ್ನು ಹಾಡುಗಳೇ ತುಂಬಿದ ಸಿನಿಮಾ ಮಾಡಲು ಹೊರಟ. ಬುಗುರಿಯೇ ಅವನನ್ನು ಚಿಕ್ಕಮ್ಮನ ಮನೆಗೆ ಕರೆತಂದಳು. ಕಾರಣ ಚಿಕ್ಕಮ್ಮ ಮುಂದಿಟ್ಟುಕೊಂಡು ಪಿಸುಗುಟ್ಟುತ್ತಿದ್ದ ನಾಟಕದ ಪ್ರತಿ. ಅಚ್ಚಾದ ಪುಸ್ತಕದಲ್ಲಿ ಇಲ್ಲದ್ದೆಲ್ಲ ಅದರಲ್ಲಿತ್ತು. ಜನ ನಕ್ಕ ಕಡೆಯೆಲ್ಲ ಅಂಚಿನಲ್ಲಿ ಪೆನ್ಸಿಲಿನ ಗೀಟು: ಸಣ್ಣ ನಗುವಿಗೆ ಒಂದು, ಗೊಳ್ಳೆಂದರೆ ಎರಡು, ನಗು ಇಳಿಯುವ ತನಕ ನಟರು ಕಾಯಲೇಬೇಕಾದಲ್ಲಿ ಮೂರು.

ಎರಡು ವಾರ ಮಧ್ಯಾಹ್ನಗಳಲ್ಲಿ ಅವಳ ಊಟದ ಮೇಜಿನ ಸುತ್ತ ಕೆಲಸ ನಡೆಯಿತು. ನಾನು ಟೀ ಮಾಡಿಕೊಡುವ ನೆಪದಲ್ಲಿ ಅಲ್ಲೇ ಇರುತ್ತಿದ್ದೆ. ಮೂರು ಗಂಟೆಯ ನಾಟಕ, ಏಳು ಹಾಡು ಬೇಕು, ಒಂದೊಂದು ಹಾಡೂ ಐದಾರು ಪುಟದ ಮಾತನ್ನು ನುಂಗಬೇಕು. ನಿರ್ದೇಶಕ ಎಲ್ಲ ಹಾಡನ್ನೂ ಜನ ಜೋರಾಗಿ ನಗುವ ಕಡೆಗೇ ಸಿಕ್ಕಿಸಲು ಹೋದ. ಚಿಕ್ಕಮ್ಮ ತಲೆಯಾಡಿಸಿ ಬುಗುರಿಯ ಕಿವಿಯಲ್ಲಿ ಪಿಸುಗುಟ್ಟಿದಳು. ಬುಗುರಿ ಅದನ್ನು ದನಿಯೆತ್ತಿ ಹೇಳಿದಳು: “ಅಕ್ಕ ಏನಂತಾರೆ ಅಂದ್ರೆ, ನಗೋ ಬಾಯಿಗೆ ಹಾಡು ಕೇಳಿಸಲ್ಲ. ನಗು ಬರೋಕೆ ಒಂದು ನಿಮಿಷ ಮುಂಚೆ ಇಡಿ. ಹಾಡು ನಿಂತ ತಕ್ಷಣ ನಗು ಬೀಳಲಿ.”

ನಿರ್ದೇಶಕ ಬರೆದದ್ದನ್ನೆಲ್ಲ ಹೊಡೆದುಹಾಕಿ ಮತ್ತೆ ಶುರು ಮಾಡಿದ. ಕೊನೆಗೆ ಆರು ಹಾಡಿನ ಜಾಗ ಚಿಕ್ಕಮ್ಮ ಹೇಳಿದಂತೆಯೇ ಆಯಿತು. ಉಳಿದದ್ದು ಕಳ್ಳನ ದೃಶ್ಯದ್ದು, ಅದೊಂದು ಬಗೆಹರಿಯಲಿಲ್ಲ. “ಕಿರುಚೋಳು ಯಾಕೆ ಹಾಡ್ತಾಳೆ? ಅದಕ್ಕೊಂದು ಕಾರಣ ಬೇಕಲ್ಲ” ಅಂದ. ಬುಗುರಿ ಕಿಟಕಿಯಾಚೆ ನೋಡುತ್ತಾ, “ಅದನ್ನ ನಂಗೆ ಬಿಡಿ, ಯೋಚನೆ ಮಾಡ್ತೀನಿ” ಅಂದಳು.

ಸಿನಿಮಾ ಬಂದಾಗ ಮೊದಲ ಭಾನುವಾರದ ಮಧ್ಯಾಹ್ನದ ಆಟಕ್ಕೆ ಇಡೀ ಮನೆಯವರು ಹೋದೆವು. ಚಿಕ್ಕಮ್ಮ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ನನ್ನ ಪಕ್ಕದಲ್ಲಿ ಕೂತಿದ್ದಳು. ಮೊದಲ ಮೂರು ಹಾಡಿಗೆ ಅವಳು ಹೇಳಿದ ಜಾಗದಲ್ಲೇ, ಹೇಳಿದ ಹಾಗೇ ನಗು ಬಿತ್ತು. ಪ್ರತಿ ಸಲ ನನ್ನ ಮೊಣಕೈಯನ್ನು ಮೆಲ್ಲಗೆ ತಿವಿದಳು. ಹೆಮ್ಮೆಯಿಂದ ಮುಖ ಕೆಂಪಾಗಿತ್ತು.

ಆಮೇಲೆ ಕಳ್ಳ ಬಂದ. ಸಿನಿಮಾದಲ್ಲೂ ಕೆಲಸದವಳು ಬುಗುರಿಯೇ. ಅವಳು ಕಿರುಚಲಿಲ್ಲ. ‘ಕ’ ಅಂದಳು, ನಿಂತಳು. ಮತ್ತೆ ‘ಕ’ ಅಂದಳು. ಹಿಂದಿನಿಂದ ಡೋಲು ಅದೇ ಲಯಕ್ಕೆ ಸೇರಿಕೊಂಡಿತು. ಕಳ್ಳ ಆ ತಾಳಕ್ಕೇ ಹೆಜ್ಜೆ ಹಾಕುತ್ತಾ ಪೆಟ್ಟಿಗೆ ಎತ್ತಿದ. ನಾಲ್ಕು ನಿಮಿಷದ ಹಾಡು, ಇಡೀ ಹಾಡಿನಲ್ಲಿ ಆ ಪದ ಹೊರಗೆ ಬರಲೇ ಇಲ್ಲ. ಕತ್ತು ಎಡಕ್ಕೆ ವಾಲಿತು, ಬಲಗಣ್ಣು ಅರ್ಧ ಮುಚ್ಚಿತು. ಪ್ರತಿ ಸಲ ‘ಕ’ ಅನ್ನುವ ಮುಂಚೆ ಬುಗುರಿ ತೊಡೆಯ ಮೇಲೆ ಬೆರಳಿನಿಂದ ಮೂರು ಸಲ ತಟ್ಟಿಕೊಂಡಳು. ಜನ ಕುರ್ಚಿಯಿಂದ ಎದ್ದೆದ್ದು ನಕ್ಕರು. ಅಪ್ಪ ಕಣ್ಣೊರೆಸಿಕೊಂಡು ನಕ್ಕರು. ನಾನೂ ನಕ್ಕೆ. ಹೇಳಲು ನಾಚಿಕೆಯಾಗುತ್ತದೆ, ಹೊಟ್ಟೆ ಹಿಡಿದುಕೊಂಡು ನಕ್ಕೆ.

ಪಕ್ಕಕ್ಕೆ ತಿರುಗಿದಾಗ ಚಿಕ್ಕಮ್ಮನ ಕೈ ಕಂಡಿತು. ಬಲಗೈಯ ಬೆರಳುಗಳನ್ನು ಎಡಗೈ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು. ಆ ವಾಲಿದ ಕತ್ತು, ಆ ಅರೆಮುಚ್ಚಿದ ಕಣ್ಣು ಅವಳವೇ. ನಾನು ನಗು ನಿಲ್ಲಿಸಿದೆ.

ಬಸ್ಸಿನಲ್ಲಿ ವಾಪಸ್ಸು ಬರುವಾಗ “ಚಿಕ್ಕಮ್ಮ, ನಾನು...” ಎಂದು ಶುರು ಮಾಡಿದೆ.

“ಗೊತ್ತು. ನಗುವಾಗ ನಿನ್ನ ಭುಜ ನನ್ನ ಭುಜಕ್ಕೆ ತಾಗ್ತಿತ್ತಲ್ಲ” ಎಂದು ಪಿಸುಗುಟ್ಟಿದಳು. ಸ್ವಲ್ಪ ದೂರ ಹೋದ ಮೇಲೆ, “ಆ ಮೂರು ತಟ್ಟು ನಿಮ್ಮಮ್ಮನಿಗೂ ಗೊತ್ತಿಲ್ಲ. ಮಾತು ಹೊರಡಲಿ ಅಂತ ಮೇಜಿನ ಕೆಳಗೆ, ಚೀಲದ ಹಿಂದೆ ತಟ್ಟಿಕೊಳ್ತಿದ್ದೆ. ಅವಳೊಬ್ಬಳಿಗೇ ಹೇಳಿದ್ದೆ” ಅಂದಳು, ಪಿಸುದನಿಯಲ್ಲೇ.

ಬುಗುರಿ ಬಂದದ್ದು ಹನ್ನೆರಡು ದಿನದ ನಂತರ. ಅಷ್ಟರಲ್ಲಿ ಆ ಹಾಡು ಬೀದಿಯ ಮಕ್ಕಳ ಬಾಯಲ್ಲೆಲ್ಲ ಇತ್ತು. ಚಿಕ್ಕಮ್ಮ ಅಂಗಡಿಗೆ ಹೋದರೆ ಅಂಗಡಿಯವನ ಮಗಳು ಏನೂ ತಿಳಿಯದೆ ಅವಳೆದುರೇ ತೊಡೆ ತಟ್ಟಿ ಹಾಡುತ್ತಿದ್ದಳು. ಬುಗುರಿ ಬಂದಾಗ ನಾನು ಚಿಕ್ಕಮ್ಮನ ಅಡಿಗೆಮನೆಯಲ್ಲಿದ್ದೆ, ಎಲ್ಲ ಕೇಳಿಸಿತು.

“ಕೋಪಾನಾ ಅಕ್ಕ?” ಅಂದಳು ಬುಗುರಿ. “ಜನ ನಗ್ತಿರೋದು ನನ್ನ ನೋಡಿ, ನಿನ್ನ ನೋಡಿ ಅಲ್ಲ. ನೀನು ಯಾರು ಅಂತ ಅವರಿಗೆ ಗೊತ್ತೇ ಇಲ್ಲ.”

ಚಿಕ್ಕಮ್ಮ ದನಿ ತೆಗೆದೇ ಮಾತಾಡಿದಳು. “ಯಾವಾಗಿಂದ?”

“ಏನು ಯಾವಾಗಿಂದ?”

“ಕ...” ಬಹಳ ಹೊತ್ತು ಹಿಡಿಯಿತು. ಬುಗುರಿ ಯಾವಾಗಿನಂತೆ ಕಾದಳು. “...ಕಲೀತಿದ್ದದ್ದು.”

ಸುಳ್ಳು ಹೇಳಬಹುದಿತ್ತು. ಅವಳು ಹೇಳಲಿಲ್ಲ. “ಮೊದಲನೇ ದಿನದಿಂದ ಅಕ್ಕ. ನಟಿ ಅಲ್ವಾ, ಕಣ್ಣು ಸುಮ್ಮನಿರಲ್ಲ. ಯಾವತ್ತೋ ಒಂದು ದಿನ ಬೇಕಾಗುತ್ತೆ ಅಂತ ಎತ್ತಿಟ್ಟುಕೊಂಡಿದ್ದೆ.”

ಚಿಕ್ಕಮ್ಮ ಎದ್ದು ಬಾಗಿಲು ತೆರೆದು ನಿಂತಳು. ಬುಗುರಿ ಚಪ್ಪಲಿ ಮೆಟ್ಟಿ ಹೊರಟಳು. ಹೋದ ಮೇಲೆ ನಾನು ಹೊರಗೆ ಬಂದರೆ ಚಿಕ್ಕಮ್ಮ ಇನ್ನೂ ಬಾಗಿಲ ಚಿಲಕ ಹಿಡಿದೇ ನಿಂತಿದ್ದಳು. “ಕಾಯ್ತಿದಾಳೆ ಅಂದುಕೊಂಡಿದ್ದೆ” ಎಂದು ಪಿಸುಗುಟ್ಟಿದಳು. ಇಪ್ಪತ್ತೆರಡು ವರ್ಷದ ಯಾವ ಯಾವ ಮಧ್ಯಾಹ್ನಗಳನ್ನು ಮತ್ತೆ ತೆಗೆದು ನೋಡುತ್ತಿದ್ದಳೋ, ನಾನು ಕೇಳಲಿಲ್ಲ.

ಸಿನಿಮಾ ಗೆದ್ದದ್ದರಿಂದ ನಾಟಕಕ್ಕೂ ಜನ ಮುಗಿಬಿದ್ದರು. ಆದರೆ ಬಂದವರೆಲ್ಲ ಕಳ್ಳನ ಹಾಡು ಎಲ್ಲಿ ಎಂದು ಕೇಳುವವರೇ. ಬುಗುರಿ ಸಿನಿಮಾದವಳೇ ಆಗಿಬಿಟ್ಟಿದ್ದಳು, ಹೊಸ ಹುಡುಗಿ ಆ ಪಾತ್ರಕ್ಕೆ ತಯಾರಾಗುತ್ತಿದ್ದಳು. ಕಂಪನಿಯ ಮಾಲೀಕರು ಚಿಕ್ಕಮ್ಮನನ್ನು ಕರೆದು, ಸಿನಿಮಾದಲ್ಲಿ ಇದ್ದ ಹಾಗೇ ಹಾಡನ್ನು ಪ್ರತಿಯಲ್ಲಿ ಬರೆದುಕೊಳ್ಳಲು ಹೇಳಿದರು. “ಎಷ್ಟು ‘ಕ’, ಎಲ್ಲಿ ನಿಲ್ಲಬೇಕು, ಎಲ್ಲ ಸರಿಯಾಗಿ ಬರೀಬೇಕಮ್ಮ. ನಿಮ್ಮಷ್ಟು ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ?” ಎಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಬಾಯಿಂದ ಬಿದ್ದ ಮೇಲೆ ಅವರಿಗೇ ಮುಜುಗರವಾಗಿ ಕನ್ನಡಕ ತೆಗೆದು ಒರೆಸಿಕೊಂಡರಂತೆ.

ಚಿಕ್ಕಮ್ಮ ಅಲ್ಲೇ, ತಾಲೀಮಿಗೆ ಸೇರಿದ್ದ ಎಲ್ಲರೆದುರು, ಗಟ್ಟಿಯಾಗಿ ಹೇಳಲು ಹೊರಟಳು: “ನನ್ನ ಕ... ಕ...” ಮಾಲೀಕರು “ಕೈಲಾಗಲ್ಲ ಅಂತೀರಾ?” ಎಂದು ಮುಗಿಸಲು ಹೋದರು. ಅವಳು ಅಂಗೈ ಎತ್ತಿ ತಡೆದಳು. ಎಲ್ಲರೂ ನೆಲ ನೋಡುತ್ತಾ ನಿಂತರು. ಹೊಸ ಹುಡುಗಿ ಮಾತ್ರ ಅವಳ ಬಾಯನ್ನೇ ನೋಡುತ್ತಿದ್ದಳು.

“...ಕೈಯಿಂದ ಬರೆಯಲ್ಲ” ಎಂದು ತಾನೇ ಮುಗಿಸಿದಳು. ಪ್ರತಿಯನ್ನು ಮೇಜಿನ ಮೇಲಿಟ್ಟು ಮನೆಗೆ ಬಂದಳು. ಅದರಲ್ಲಿ ಅವಳು ಹಾಕಿದ್ದ ಗೀಟುಗಳೂ ಅಲ್ಲೇ ಉಳಿದವು.

ಬೇರೆ ನಾಟಕಗಳಿಗಾದರೂ ಬನ್ನಿ ಎಂದು ಮಾಲೀಕರು ಎರಡು ಸಲ ಹೇಳಿ ಕಳಿಸಿದರು. ಆದರೆ ಕಂಪನಿ ವಾರವಿಡೀ ಅದೊಂದನ್ನೇ ಆಡುತ್ತಿತ್ತು. ಆರು ತಿಂಗಳಾದ ಮೇಲೆ ಅವಳು ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದಳು. ಶಾಲಾ ಪುಸ್ತಕ, ಲಗ್ನಪತ್ರಿಕೆ, ಔಷಧಿ ಡಬ್ಬದ ಚೀಟಿ. ಮೊದಮೊದಲು ಸಂಜೆ ಐದಾಗುತ್ತಲೇ, ರಂಗಮಂದಿರಕ್ಕೆ ಹೊರಡುವ ಹೊತ್ತಾಯಿತೆಂದು ತಾನಾಗಿ ಎದ್ದುಬಿಡುತ್ತಿದ್ದಳಂತೆ.

ಬುಗುರಿಯನ್ನು ಅವಳು ಮತ್ತೆ ಕಂಡದ್ದು ಒಂಬತ್ತು ವರ್ಷದ ಮೇಲೆ, ಕಂಪನಿಯ ಬಣ್ಣದವರು ತೀರಿಕೊಂಡಾಗ. ಎಲ್ಲರಿಗೂ ಬಣ್ಣ ಹಚ್ಚುತ್ತಿದ್ದ ಆ ಮುದುಕರ ಮನೆಯ ಹಜಾರದಲ್ಲಿ ಬುಗುರಿ ಬಂದು ಚಿಕ್ಕಮ್ಮನ ಪಕ್ಕದಲ್ಲೇ ಕೂತಳು. ತೂಕ ಇಳಿದಿತ್ತು, ಕಣ್ಣ ಸುತ್ತ ಕಪ್ಪು. ಸಿನಿಮಾಗಳಲ್ಲಿ ಅವಳಿಗೆ ಉಗ್ಗಿನ ಪಾತ್ರಗಳೇ ಬರುತ್ತಿವೆ ಎಂದು ಯಾರೋ ಹೇಳಿದ್ದರು.

“ಹೇಗಿದೀಯ ಅಕ್ಕ?” ಎಂದು ಕೇಳಿ, ಗಲ್ಲಕ್ಕೆ ಕೈಕೊಟ್ಟು, ಸುಮ್ಮನೆ ಕಾದಳು.

ಚಿಕ್ಕಮ್ಮ ಬಾಯಿ ತೆರೆಯಲಿಲ್ಲ. ಸಿಟ್ಟಿನಿಂದಲ್ಲ, ಅದೆಲ್ಲ ಯಾವತ್ತೋ ಆರಿಹೋಗಿತ್ತು ಎಂದು ಆಮೇಲೆ ನನಗೆ ಹೇಳಿದಳು. ಆ ಕಣ್ಣಿನ ಎದುರು ಒಂದು ಅಕ್ಷರವನ್ನೂ ಇಡಲು ಮನಸ್ಸಾಗಲಿಲ್ಲವಂತೆ. ತಲೆಯಾಡಿಸಿದಳು, ಅಷ್ಟೇ. ಬುಗುರಿ ಕಾಯುತ್ತಲೇ ಇದ್ದಳು. ಒಳಗಿನಿಂದ ಯಾರೋ ಕರೆದರು. ಚಿಕ್ಕಮ್ಮ ಎದ್ದು, ತೀರಿಕೊಂಡವರ ಹೆಂಡತಿ ಕೂತಿದ್ದ ಕೋಣೆಗೆ ಹೋದಳು.