ಲತಾಮಣಿ ಕೂರಿಸಿದ ಡೇಟಾಬೇಸು

ಲತಾಮಣಿಯ ವಿಷಯ ಹೇಳಬೇಕೆಂದರೆ ಅವಳ ಮೇಲೆ ನನಗೆ ಬಂದಿದ್ದ ಸಿಟ್ಟಿನಿಂದಲೇ ಶುರು ಮಾಡಬೇಕು. ರಾಮನಗರ ಜಿಲ್ಲೆಯಾದ ವರ್ಷ ಅದು, ಎರಡು ಸಾವಿರದ ಏಳು, ಆಷಾಢ ಮಾಸ. ಒಂದು ವಾರ ನಾನು ಆ ಹುಡುಗಿಯನ್ನು ಮಾತಾಡಿಸಲಿಲ್ಲ. ಕ್ಯಾಂಟೀನಿನಲ್ಲಿ ಎದುರಿಗೆ ಬಂದು ಕೂತರೆ ತಟ್ಟೆ ಎತ್ತಿಕೊಂಡು ಇನ್ನೊಂದು ಬೆಂಚಿಗೆ ಹೋದೆ. ಅವಳು ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು ಹಿಂದೆಯೇ ಬಂದು, ಉಸ್ಸಪ್ಪಾ ಅಂತ ಕೂತು, ನನ್ನ ತಟ್ಟೆಗೆ ಮಾವಿನಕಾಯಿ ಉಪ್ಪಿನಕಾಯಿ ಹಾಕಿದಳು. ಇಂಥವಳ ಮೇಲೆ ಎಷ್ಟು ದಿನ ಅಂತ ಸಿಟ್ಟು ಸಾಕುವುದು ನೀವೇ ಹೇಳಿ.

ನಾನು ಬೋರಲಿಂಗಯ್ಯ. ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಸ್ಕೂಟರಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದೆ. ಯಾವ ಬೇರಿಂಗು ಯಾವ ಕಪಾಟಿನಲ್ಲಿದೆ, ಯಾವ ಹಳೇ ಡೈಯನ್ನು ಯಾವ ಮೂಲೆಗೆ ತಳ್ಳಿದ್ದೇವೆ, ಎಲ್ಲವೂ ನನ್ನ ತಲೆಯಲ್ಲಿ. ನಾನು ಒಂದು ದಿನ ರಜಾ ಹಾಕಿದರೆ ಇಡೀ ಕಾರ್ಖಾನೆ ತಾಯಿ ಕಳೆದುಕೊಂಡ ಕರುವಿನಂತೆ ಅರಚುತ್ತಿತ್ತು. ಅದರಲ್ಲಿ ನನಗೆ ಒಸಿ ಜಂಬವೂ ಇತ್ತು, ಯಾಕೆ ಮುಚ್ಚಿಡಲಿ.

ಲತಾಮಣಿ ಚನ್ನಪಟ್ಟಣದ ಹತ್ತಿರದ ಬೈರಾಪಟ್ಟಣದವಳು, ರಾಗಿ ರೇಷ್ಮೆ ಬೆಳೆಯುವ ಮನೆಯ ಮಗಳು. ಡಿಪ್ಲೊಮಾ ಓದಿ, ಕನಕಪುರಕ್ಕೆ ಸೊಸೆಯಾಗಿ ಬಂದು, ನಮ್ಮಲ್ಲಿ ಟೈಪು ಮಾಡುವ ಕೆಲಸಕ್ಕೆ ಸೇರಿದಳು. ಪತ್ರಿಕೆಗಳ ಜೊತೆ ಪುಕ್ಕಟೆ ಬರುತ್ತಿದ್ದ ಸಿಡಿಗಳನ್ನು ಹಾಕಿಕೊಂಡು ತಾನೇ ಕಲಿತು, ಎರಡೇ ವರ್ಷದಲ್ಲಿ ಕಂಪ್ಯೂಟರ್ ರೂಮಿಗೆ ಯಜಮಾನಿಯಾದಳು. ಬಾಯಿ ಮಾತ್ರ ಭಾರೀ ಜೋರು. ಮ್ಯಾನೇಜರ್ ಅನಂತರಾಜು ಅವರು ಚಪ್ಪಲಿ ಹಾಕಿಕೊಂಡು ಆ ರೂಮಿಗೆ ಕಾಲಿಟ್ಟರೆ ಅವರನ್ನೂ ಹೊರಗೆ ಕಳಿಸುತ್ತಿದ್ದಳು. ಆ ಕೆಲಸವೆಂದರೆ ಅವಳಿಗೆ ಪ್ರಾಣ. ಮನೆಯಲ್ಲಿ ತಾನು ಮುದ್ದೆ ತಿರುವುವವಳು, ಇಲ್ಲಿ ಮಾತ್ರ ಲತಾಮಣಿ ಅಂತ ಒಮ್ಮೆ ನನ್ನ ಹತ್ತಿರ ಹೇಳಿಕೊಂಡಿದ್ದಳು.

ಆ ಆಷಾಢದಲ್ಲಿ ಕಾರ್ಖಾನೆಗೆ ಹೊಸ ಸರ್ವರ್ ಬಂತು. ಎಲ್ಲರ ಕಂಪ್ಯೂಟರಿಗೂ ಮೂಲವಾದ ದೊಡ್ಡ ಪೆಟ್ಟಿಗೆ ಅದು. ಅದರೊಳಗೆ ಡೇಟಾಬೇಸು ಕೂರಿಸಬೇಕು. ಬಂದ ಮಾಲು, ಹೋದ ಮಾಲು, ಆಳುಗಳ ಹಾಜರಿ, ಎಲ್ಲವನ್ನೂ ಜೋಡಿಸಿಟ್ಟು ಕೇಳಿದಾಗ ತೆಗೆದುಕೊಡುವ ತಂತ್ರಾಂಶ ಅದು. ಅದು ಏಳಲಿಲ್ಲವೆಂದರೆ ಗೇಟ್‌ಪಾಸು ಬರುವುದಿಲ್ಲ, ಗೇಟ್‌ಪಾಸು ಇಲ್ಲದೆ ಲಾರಿ ಹೊರಡುವುದಿಲ್ಲ. ಕೂರಿಸುವುದಕ್ಕೆ ಎರಡು ದಾರಿ ಅಂತ ಲತಾಮಣಿ ನನಗೆ ಬಿಡಿಸಿ ಹೇಳಿದಳು. ಒಂದು, ಸಿಡಿಯಲ್ಲಿ ಕಟ್ಟಿಟ್ಟ ಸಿದ್ಧ ಪ್ಯಾಕೇಜು. ಸ್ವಲ್ಪ ಹಳೆಯದು, ಆದರೆ ಪ್ರತಿಯೊಂದೂ ಎಲ್ಲರಿಗೂ ಗೊತ್ತಿರುವ ಜಾಗದಲ್ಲಿ ತಾನೇ ಹೋಗಿ ಕೂರುತ್ತದೆ, ಕರೆಂಟು ಹೋಗಿ ಬಂದರೆ ತಾನಾಗಿಯೇ ಏಳುತ್ತದೆ. ಇನ್ನೊಂದು, ಮೂಲ ಸರಕು ತಂದು ನಮ್ಮ ಅಳತೆಗೆ ನಾವೇ ಕಟ್ಟಿಕೊಳ್ಳುವುದು. ಹೊಸದು ಸಿಗುತ್ತದೆ, ಒಸಿ ಚುರುಕಾಗಿಯೂ ಓಡುತ್ತದೆ. ಆದರೆ ಏನು ಎಲ್ಲಿದೆ ಎಂಬುದು ಕಟ್ಟಿದವರಿಗೆ ಮಾತ್ರ ಗೊತ್ತು. ಕರೆಂಟು ಬಂದಾಗ ಎಬ್ಬಿಸುವ ಏರ್ಪಾಡನ್ನೂ ನಾವೇ ಮಾಡದಿದ್ದರೆ ಮಲಗಿದ್ದು ಮಲಗಿಯೇ ಇರುತ್ತದೆ.

ನನಗೆ ಯೋಚನೆಯೇ ಬೇಕಾಗಲಿಲ್ಲ. ನಮ್ಮ ಕಾರ್ಖಾನೆಯಲ್ಲಿ ಹೆರಿಗೆಗೆ ಹೋದ ಹೆಣ್ಣುಮಕ್ಕಳ ಕತೆ ನಾನು ಕಂಡಿದ್ದೆ. ಪ್ಯಾಕಿಂಗಿನ ಧನುಶ್ರೀ ಮಗು ಎತ್ತಿಕೊಂಡು ವಾಪಸು ಬಂದಾಗ ಅವಳ ಕುರ್ಚಿಯಲ್ಲಿ ಬೇರೊಬ್ಬಳು ಕೂತಿದ್ದಳು. ಯಾರೂ ಕೆಟ್ಟ ಮಾತಾಡಲಿಲ್ಲ. ಕಾಫಿ ಕೊಟ್ಟು, ಮಗುವಿನ ಗಲ್ಲ ಹಿಂಡಿ, ಜಾಗ ಖಾಲಿಯಾದಾಗ ಹೇಳಿ ಕಳಿಸುತ್ತೇವೆ ಅಂತ ಬಾಗಿಲವರೆಗೂ ಬಿಟ್ಟು ಬಂದರು. ಲತಾಮಣಿಗೂ ಅದೇ ಗತಿ ಆದೀತೆಂದು ನನಗೆ ದಿಗಿಲು. ಅವಳಿಗೂ ಇತ್ತು, ಹೇಳುತ್ತಿರಲಿಲ್ಲ ಅಷ್ಟೆ.

ಅವಳನ್ನು ಸ್ಟೋರ್ಸಿನೊಳಗೆ ಕರೆದು ಕೂರಿಸಿ ಹೇಳಿದೆ: "ನೋಡಮ್ಮಾ, ನೀನೇ ಕೈಯಾರೆ ಕಟ್ಟಿ ಕೂರ್ಸು. ಯಾರಿಗೂ ಹೇಳ್ಕೊಡಬ್ಯಾಡ. ಕಂಪ್ನಿ ಜುಟ್ಟು ನಿನ್ ಕೈಲಿರ್ಲಿ. ಆರು ತಿಂಗ್ಳು ಬುಟ್ಟು ಬಂದ್ರೂ ನಿನ್ ಕುರ್ಚಿ ಮುಟ್ಟಾಕೆ ಯಾವನಿಗೂ ಧೈರ್ಯ ಬರಾಕಿಲ್ಲ."

ಅವಳು ಹೂಂ ಅಂದಳು. ಹಾಗೆಯೇ ಶುರುವನ್ನೂ ಮಾಡಿದಳು. ಪರದೆಯ ಮೇಲೆ ಅಕ್ಷರಗಳು ಬೆಳಗಿನಿಂದ ಸರಸರ ಮೇಲಕ್ಕೆ ಹತ್ತುತ್ತಿದ್ದವು, ಅವಳು ಹುಣಸೆಕಾಯಿಗೆ ಉಪ್ಪು ಅದ್ದಿಕೊಂಡು ಚೀಪುತ್ತಾ ನೋಡುತ್ತಿದ್ದಳು. ನಮ್ಮ ಹಾರೋಹಳ್ಳಿಯ ಕರೆಂಟಿನ ಯೋಗ್ಯತೆ ಗೊತ್ತಲ್ಲ, ಮುಗಿಯುತ್ತಾ ಬಂದಾಗ ಹೋಗುತ್ತಿತ್ತು. ಕರೆಂಟು ಹೋದಾಗ ಕೈ ಹಿಡಿಯಬೇಕಾದ ಹೊಸ ಯುಪಿಎಸ್‌ಗೆ ಇನ್ನೂ ಬ್ಯಾಟರಿ ಬಂದಿರಲಿಲ್ಲ. ಕರೆಂಟಿನವರ ವಂಶವನ್ನೆಲ್ಲ ಬೈದು ಮತ್ತೆ ಮೊದಲಿನಿಂದ ಕೂರುತ್ತಿದ್ದಳು. ಶನಿವಾರ ಅಂತೂ ಇಂತೂ ಮುಗಿಯಿತು. ನಾನೇ ಹೊರಗಿನ ಬೇಕರಿಯಿಂದ ದಿಲ್‌ಪಸಂದ್ ತರಿಸಿ ತಿನ್ನಿಸಿದೆ.

ಸೋಮವಾರ ಹೋಗಿ ನೋಡುತ್ತೇನೆ, ಮಹಾತಾಯಿ ಅದನ್ನೆಲ್ಲ ಅಳಿಸಿ ಹಾಕಿ ಸಿಡಿಯ ಪ್ಯಾಕೇಜನ್ನು ಕೂರಿಸಿದ್ದಾಳೆ. ಸಾಲದ್ದಕ್ಕೆ ಅಕೌಂಟ್ಸಿನ ಮುಜಾಮಿಲ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಾಠ ಹೇಳುತ್ತಿದ್ದಾಳೆ. ಮುಜಾಮಿಲ್ ರಾಮನಗರದ ರೀಲರುಗಳ ಮನೆಯವನು, ರೇಷ್ಮೆ ನೂಲು ತೆಗೆಯುವ ಮನೆತನ, ತಾಳ್ಮೆಗೆ ಇನ್ನೊಂದು ಹೆಸರು. ಒಂದು ಸಲ ಹೇಳಿದ್ದನ್ನು ಮರೆಯುವವನಲ್ಲ. ನನಗೆ ಮೈಯೆಲ್ಲ ಉರಿದು ಹೋಯಿತು. ತನ್ನ ಕಾಲ ಮೇಲೆ ತಾನೇ ಚಪ್ಪಡಿ ಎಳೆದುಕೊಳ್ಳುವುದು ಅಂದರೆ ಇದೇ ಅಲ್ಲವೇ? ಆಗಲೇ ನಾನು ಮಾತು ಬಿಟ್ಟದ್ದು.

ಉಪ್ಪಿನಕಾಯಿ ಹಾಕಿದ ದಿನ ಅವಳೇ ಬಾಯಿ ಬಿಟ್ಟಳು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಮೆಲ್ಲಗೆ ಹೇಳಿದಳು: "ಸಾರ್, ನಾನು ಕಟ್ಟಿದ್ದು ಕೆಟ್ಟು ನಿಂತ್ರೆ ನನ್ನ ಕರೀತಾರೆ, ಸರಿ. ಗತಿ ಇಲ್ದೆ ಕರೀತಾರೆ. ಬೈಕೊಂಡು ಕರೀತಾರೆ. ಮಗೀಗೆ ಹಾಲು ಕೊಡೋವಾಗ್ಲೂ ಅದು ನಿಂತೋಯ್ತೇನೋ ಅಂತ ನಂಗೆ ಎದೆ ಹೊಡ್ಕೋಬೇಕು. ನನ್ ಕೆಲ್ಸ ಚೆನ್ನಾಗೈತೆ, ನಾನು ಬೇಕು ಅಂತ ಕರುದ್ರೆ ಬತ್ತೀನಿ."

ಕರೆಯದಿದ್ದರೆ ಏನು ಮಾಡುತ್ತೀ ಅಂತ ಕೇಳಿದೆ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಶ್ರಾವಣದಲ್ಲಿ ಹೆಂಗಸರೆಲ್ಲ ಸೇರಿ ಹಸಿರು ಬಳೆ ತೊಡಿಸಿ ತವರಿಗೆ ಕಳಿಸಿಕೊಟ್ಟರು. ಭಾದ್ರಪದದಲ್ಲಿ ಹೆಣ್ಣುಮಗು. ಅವಳ ಅವ್ವ ಕೆಂಚಮ್ಮನ ಬಾಣಂತನವೆಂದರೆ ಪೊಲೀಸ್ ಠಾಣೆಗಿಂತ ಕಟ್ಟುನಿಟ್ಟು. ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಬೆಳಿಗ್ಗೆ ಸಂಜೆ ಸಾಂಬ್ರಾಣಿ ಹೊಗೆ, ಮೂರು ಹೊತ್ತು ಮೆಣಸಿನ ಸಾರು. ಮೊಬೈಲು ಹಿಡಿದರೆ ಕಣ್ಣಿಗೆ ಕೇಡು ಅಂತ ಅದನ್ನು ಬೀರುವಿಗೆ ಹಾಕಿ ಬೀಗ ಜಡಿದಿದ್ದರು. ಮಗು ಹೇಗಿದೆ ಅಂತ ಕೇಳಲು ನಾನು ಅವರ ಪಕ್ಕದ ಮನೆಯ ಫೋನಿಗೆ ಮಾಡಿದರೆ ಕೆಂಚಮ್ಮನೇ ಬಂದು, ಬಾಣಂತಿ ಮಾತಾಡಕೂಡದು, ಶೀತ ಆಗುತ್ತದೆ ಎಂದು ಇಟ್ಟುಬಿಟ್ಟರು. ಫೋನಿನಲ್ಲಿ ಶೀತ ಹೇಗೆ ಬರುತ್ತದೋ ಆ ದೇವರೇ ಬಲ್ಲ.

ಆಯುಧಪೂಜೆ ಬಂತು. ನಮ್ಮಲ್ಲಿ ಅವತ್ತು ಯಾವ ಯಂತ್ರವೂ ಉಸಿರಾಡಬಾರದು, ಅದು ಪದ್ಧತಿ. ಪ್ರೆಸ್ಸುಗಳು ನಿಂತವು, ಕ್ಯಾಂಟೀನಿನ ಗ್ರೈಂಡರೂ ನಿಂತಿತು. ಪೂಜೆಯ ಸಡಗರದಲ್ಲಿ ನಮ್ಮ ಸೆಕ್ಯೂರಿಟಿಯವನು ಸರ್ವರಿನ ವಯರನ್ನೇ ಕಿತ್ತು, ಮೂರು ಗೆರೆ ವಿಭೂತಿ ಎಳೆದು, ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿದ. ಅದನ್ನು ಆರಿಸುವುದಕ್ಕೊಂದು ಕ್ರಮವಿದೆ ಅಂತ ಅವನಿಗೇನು ಗೊತ್ತು. ಮುಜಾಮಿಲ್ ರಜೆ ಹಾಕಿ ಊರಿಗೆ ಹೋಗಿದ್ದ. ಮಾರನೇ ದಿನ ವಿಜಯದಶಮಿ, ಕಾರ್ಖಾನೆಗೆ ರಜೆ. ಆದರೆ ಹೊಸೂರಿಗೆ ಹೋಗಬೇಕಾದ ಲಾರಿಯೊಂದು ಗೇಟಿನಲ್ಲಿ ನಿಂತಿತ್ತು. ಅನಂತರಾಜು ಅವರು ಮನೆಯಿಂದ ಓಡಿ ಬಂದರು, ನನ್ನನ್ನೂ ಕರೆಸಿದರು. ಮುಜಾಮಿಲ್‌ನ ಫೋನು ಸಿಗಲಿಲ್ಲ. ವಯರು ಸಿಕ್ಕಿಸಿ ಗುಂಡಿ ಒತ್ತಿದವನು ನಾನೇ.

ಒತ್ತಿ ಕೈಮುಗಿದು ನಿಂತೆ. ಏಳಲಿ ಅಂತಲ್ಲ, ದೇವರಾಣೆ, ಏಳಬೇಡಪ್ಪಾ ಅಂತ ಬೇಡಿಕೊಂಡೆ. ನೀನು ಮಲಗಿದರೆ ಇವರು ಈಗಲೇ ಬೈರಾಪಟ್ಟಣಕ್ಕೆ ಕಾರು ಕಳಿಸುತ್ತಾರೆ, ಆ ಹುಡುಗಿಯ ಬೆಲೆ ಇವರಿಗೆ ಗೊತ್ತಾಗುತ್ತದೆ ಅಂತ. ಅದು ಕೇಳಬೇಕಲ್ಲ! ವಿಭೂತಿ ಬಳಿದುಕೊಂಡೇ ಗುರ್ರೆಂದು ಎದ್ದಿತು. ಡೇಟಾಬೇಸು ಯಾರ ಹಂಗೂ ಇಲ್ಲದೆ ಎದ್ದು ಕೂತಿತು. ಗೇಟ್‌ಪಾಸು ಅಚ್ಚಾಗಿ ಬಂತು, ಲಾರಿ ಹೋಯಿತು.

ಅನಂತರಾಜು ಅವರಿಗೆ ಹಿಗ್ಗೋ ಹಿಗ್ಗು. ನನಗೆ ಮಾತ್ರ ಮುಂದಿನದು ಏನೆಂದು ಗೊತ್ತಿತ್ತು. ದೀಪಾವಳಿ ಕಳೆದ ಮೇಲೆ ಅವರು ನನ್ನನ್ನು ಕರೆದು, ಸರ್ವರು ತನ್ನಷ್ಟಕ್ಕೆ ತಾನು ನಡೆಯುತ್ತಿದೆ, ಮುಜಾಮಿಲ್ ಒಬ್ಬನೇ ಸಾಕು, ಲತಾಮಣಿಗೆ ನೀವೇ ಮೆಲ್ಲಗೆ ಹೇಳಿಬಿಡಿ ಅಂದರು. ಅವರೇನು ಕೆಟ್ಟವರಲ್ಲ, ಮೇಲಿನಿಂದ ಅವರಿಗೂ ಒತ್ತಡ. ಆದರೆ ನನಗೆ ರೇಗಿಹೋಯಿತು. ಚೆನ್ನಾಗಿ ಕೂರಿಸಿದ್ದೇ ಅವಳ ತಪ್ಪಾಯಿತೇ ಸಾರ್ ಅಂತ ಕೇಳಿದೆ. ಬಂದರೆ ಅವಳಿಗೆ ಕೊಡಲು ಕೆಲಸ ಎಲ್ಲಿದೆ, ನೀವೇ ಹೇಳಿ ಅಂದರು ಅವರು.

"ಸ್ಟೋರ್ಸ್ ಐತಲ್ಲ ಸಾರ್," ಅಂದೆ. "ಅದೆಲ್ಲಾ ನನ್ ತಲೇಲೈತೆ. ಬರೋ ವರ್ಷ ನಾನು ರಿಟೈರು. ಲತಾಮಣಿ ಬಂದು ಕೂತ್ರೆ ಒಂದೊಂದೇ ಹೇಳಿ ಡೇಟಾಬೇಸಿಗೆ ಹಾಕುಸ್ತೀನಿ. ಬ್ಯಾರೆ ಯಾರು ಬಂದ್ರೂ ನಾನು ಬಾಯಿ ಬಿಡಾಕಿಲ್ಲ."

ಸ್ಟೋರ್ಸನ್ನು ಕಂಪ್ಯೂಟರಿಗೆ ಹಾಕಿಸಿ ಅಂತ ಅವರು ವರ್ಷಗಟ್ಟಲೆ ನನ್ನ ಬೆನ್ನು ಹತ್ತಿದ್ದರು, ನಾನು ನಾಳೆ ನಾಳೆ ಅಂತ ತಳ್ಳುತ್ತಾ ಬಂದಿದ್ದೆ. ಬೋರಲಿಂಗಯ್ಯನವರೇ, ಇದು ಬೆದರಿಕೆಯೋ ಅಂತ ಕೇಳಿದರು. ಹೂಂ ಸಾರ್ ಅಂದೆ. ನಕ್ಕುಬಿಟ್ಟರು. ಅವಳ ಜಾಗ ಉಳಿಯಿತು.

ಸಂಕ್ರಾಂತಿ ಕಳೆದು ಲತಾಮಣಿ ಬಂದಳು. ಬಾಣಂತನದ ತುಪ್ಪಕ್ಕೆ ಕೆನ್ನೆ ತುಂಬಿಕೊಂಡಿತ್ತು. ಮಗುವನ್ನು ಕನಕಪುರದಲ್ಲಿ ಅತ್ತೆಯ ಹತ್ತಿರ ಬಿಟ್ಟು ಬರುತ್ತಿದ್ದಳು, ಸಂಜೆ ಬಸ್ಸು ತಡವಾದರೆ ಪ್ರಾಣವೇ ಹೋದ ಹಾಗೆ ಆಡುತ್ತಿದ್ದಳು. ನಾನು ಕಪಾಟಿನಿಂದ ಕಪಾಟಿಗೆ ಹೋಗುತ್ತಾ ಹೇಳುವುದು, ಅವಳು ಬರೆದುಕೊಂಡು ಹೋಗಿ ಹಾಕುವುದು. ಒಂದೇ ವಾಷರಿಗೆ ಮೂರು ಹೆಸರು ಯಾಕೆ ಇಟ್ಟಿದ್ದೀರಿ ಅಂತ ನನ್ನನ್ನೇ ಬೈಯುತ್ತಿದ್ದಳು. ಮಳೆಗಾಲ ಬರುವ ಹೊತ್ತಿಗೆ ನನ್ನ ತಲೆ ಖಾಲಿಯಾಗಿತ್ತು, ಸ್ಟೋರ್ಸು ಆ ಪೆಟ್ಟಿಗೆಯೊಳಗೆ ಹೋಗಿ ಕೂತಿತ್ತು.

ಶ್ರಾವಣದಲ್ಲಿ ನನ್ನ ತಂಗಿಯ ಮಗನ ಮದುವೆಗೆಂದು ಮಾಗಡಿಗೆ ಹೋದೆ. ಹಿಂದೆಲ್ಲ ನಾನು ರಜಾ ಹಾಕಿದರೆ ಬಸ್ಸು ಇಳಿಯುವುದರೊಳಗೇ ಫೋನು ಶುರುವಾಗುತ್ತಿತ್ತು: ಸಾರ್, ಆ ಆಯಿಲ್ ಸೀಲು ಎಲ್ಲಿದೆ, ಈ ಬೋಲ್ಟು ಎಲ್ಲಿದೆ. ಅವತ್ತು ಬೆಳಿಗ್ಗೆ ಒಂದೂ ಬರಲಿಲ್ಲ. ಮಧ್ಯಾಹ್ನದ ಪಂಕ್ತಿ ಮುಗಿಯಿತು, ಆಗಲೂ ಇಲ್ಲ. ಟವರ್ ಇದೆಯೋ ಇಲ್ಲವೋ ಅಂತ ಜೇಬಿನಿಂದ ತೆಗೆದು ತೆಗೆದು ನೋಡಿದೆ. ನನ್ನ ಹೆಂಡತಿ ವರಲಕ್ಷ್ಮಮ್ಮ, ಫೋನು ಕೆಟ್ಟಿದೆಯೋ ಏನೋ ನೋಡಿಸಿ ಅಂತ ಛೇಡಿಸಿದಳು. ನಗು ಬರಲಿಲ್ಲ. ಇಷ್ಟೇ ಏನಪ್ಪಾ ನಾನು ಅನ್ನಿಸಿ ಚಪ್ಪರದ ಮೂಲೆಯಲ್ಲಿ ಒಬ್ಬನೇ ಹೋಗಿ ಕೂತೆ.

ಹೊತ್ತು ಇಳಿಯುವಾಗ ಫೋನು ಬಂತು. ಲತಾಮಣಿ. ಗಡಬಡಿಸಿ ಎದ್ದು ನಿಂತು ಕೇಳಿದೆ: "ಏನಮ್ಮಾ, ಏನ್ ಸಿಗ್ಲಿಲ್ಲ?"

"ಎಲ್ಲಾ ಸಿಕ್ತು ಸಾರ್. ನೀವಿಲ್ದೆ ಒಂಥರಾ ಬೇಜಾರು. ಊಟ ಆಯ್ತಾ ಅಂತ ಕೇಳಾಣ ಅಂತ ಮಾಡ್ದೆ."

ವಾಲಗದ ಸದ್ದಿಗೆ ಸರಿಯಾಗಿ ಕೇಳಿಸಲಿಲ್ಲ ಅಂತ ಸುಳ್ಳು ಹೇಳಿ, ಅವಳಿಂದ ಇನ್ನೊಂದು ಸಲ ಹೇಳಿಸಿದೆ.