ಮಂಚದ ಮೇಲೆ ಎದ್ದು ಕೂತ ಮಾನಮ್ಮ

ಬೆಳಗಿನ ಆರು ಗಂಟೆ. ಪುಲಿಕೇಶಿನಗರದ ಕಾಲೇಜೊಂದರ ಮೊದಲ ಮಹಡಿಯಲ್ಲಿ ಮಾನಮ್ಮ ಕಸ ಗುಡಿಸುತ್ತಿದ್ದಾರೆ. ಪೊರಕೆಗಿಂತ ಕಾಲು ಮುಂದೆ. ಎಂಟೂವರೆಯೊಳಗೆ ಹನ್ನೊಂದು ಕೋಣೆ ಮುಗಿಸಿ, ಕೈಕಾಲು ತೊಳೆದು, ಹಸಿರು ಗೌನು ತೊಟ್ಟು ಅವರು ರೋಗಿಯಾಗಬೇಕು.

ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ ವಿದ್ಯಾರ್ಥಿಗಳು ವಾರಕ್ಕೆರಡು ದಿನ ಇಲ್ಲಿ ಒಟ್ಟಿಗೆ ಕಲಿಯುತ್ತಾರೆ. ಮಂಚದ ಮೇಲೆ ನಕಲಿ ರೋಗಿ, ಸುತ್ತ ಮೂರು ವಿಭಾಗದವರು. ಎಲ್ಲರೂ ಕೂಡಿ ಒಂದು ತೀರ್ಮಾನಕ್ಕೆ ಬರಬೇಕು. ಎರಡು ವರ್ಷದಿಂದ ಆ ರೋಗಿ ಮಾನಮ್ಮ. ದಿನಕ್ಕೆ ನಾಲ್ಕು ತಂಡ, ತಂಡಕ್ಕೆ ನಲವತ್ತು ನಿಮಿಷ.

“ಗುಡ್ಸೋದು ಹಗುರ ರೀ. ಸುಮ್ನ ಮಲ್ಕೊಳ್ಳೋದೇ ಭಾಳ ಕಷ್ಟ. ಮೈಯೆಲ್ಲಾ ಚಡಪಡಿಸ್ತದ,” ಎನ್ನುತ್ತಾರೆ ಯಾದಗಿರಿ ಕಡೆಯ ಈ ಐವತ್ತೆರಡರ ಹೆಂಗಸು. ಗಾರೆ ಕೆಲಸಕ್ಕೆಂದು ಗಂಡನ ಜೊತೆ ಈ ಊರಿಗೆ ಬಂದವರು, ಗಂಡ ತೀರಿಕೊಂಡ ಮೇಲೆ ಪೊರಕೆ ಹಿಡಿದರು.

ಕಳೆದ ತಿಂಗಳು ಅವರದು ಮಂಡಿ ಆಪರೇಷನ್ ಆಗಿ ಮನೆಗೆ ಹೊರಟ ರಸೆಲ್ ಮಾರುಕಟ್ಟೆಯ ಹೂವಿನವಳ ಪಾತ್ರ. ಕೇಳಿದ್ದಕ್ಕಷ್ಟೇ ಉತ್ತರಿಸಬೇಕು, ಅದು ನಿಯಮ. ಫಾರ್ಮಸಿಯ ಮಾರಿಯಾ ಬೆಳಗಿನ ಮಾತ್ರೆ ತೋರಿಸಿ, ಮಂಪರು ಬರುತ್ತದೆ ಎಂದಳು. ಫಿಸಿಯೋಥೆರಪಿಯ ಸಕ್ಲೇನ್, ಬೆಳಿಗ್ಗೆಯೇ ಮೆಟ್ಟಿಲು ಹತ್ತಿಳಿಯಿರಿ ಎಂದ. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳಲಿಲ್ಲ. ಮಾನಮ್ಮನಿಗೆ ತಡೆಯಲಾಗಲಿಲ್ಲ, ಎದ್ದು ಕೂತರು.

“ಮಂಪರಿನಾಗ ಮೆಟ್ಲು ಹತ್ತಿ ನಾ ಬಿದ್ರ? ಮೊದ್ಲ ನೀವಿಬ್ರೂ ಮಾತಾಡ್ಕೊಳ್ರಿ!”

ಕೆಲಸ ಹೋಯಿತೆಂದೇ ತಿಳಿದ ಮಾನಮ್ಮ ಗೌನಿನಲ್ಲೇ ಹೊರಗೋಡಿ, ಗುಡಿಸಿದ ವರಾಂಡವನ್ನೇ ಮತ್ತೆ ಗುಡಿಸತೊಡಗಿದರು. ಹಿಂದೆಯೇ ಬಂದ ಉಪನ್ಯಾಸಕಿ ಖುರ್ಷೀದ್ ಪೊರಕೆ ಕಿತ್ತುಕೊಂಡರು. “ಬನ್ನಿ ಮಾನಮ್ಮ. ಎಲ್ರೂ ಚೇರ್ ಹತ್ರ ಎಳ್ಕೊಂಡು ಜಗಳ ಆಡ್ತಿದ್ದಾರೆ. ಪೇಷೆಂಟೇ ಇಲ್ದಿದ್ರೆ ಹೇಗೆ?”

ಒಳಗೆ ಸಕ್ಲೇನ್ ತಲೆ ಕೆರೆದುಕೊಂಡ. “ಸಾರಿ ಆಂಟಿ. ಮೆಟ್ಲು ಸಂಜೆಗೆ ಹಾಕಿದ್ವಿ. ಓಕೆನಾ?”

ಈಗ ನಿಯಮ ಬದಲಾಗಿದೆ. ತಪ್ಪು ಕಂಡರೆ ರೋಗಿ ಎದ್ದು ಕೂರಬಹುದು. “ಹೋದ ವಾರ ಐದು ಸಲ ಎದ್ದೆ,” ಎಂದು ಮಾನಮ್ಮ ನಗುತ್ತಾರೆ. ಆದರೂ ಸಮಾಧಾನವಿಲ್ಲ.

“ಊಟ ಕೇಳ್ತಾರ, ನೋವು ಕೇಳ್ತಾರ. ಮನ್ಯಾಗ ನಿಮ್ಮನ್ನ ನೋಡ್ಕೊಳ್ಳೋರು ಯಾರದಾರ ಅಂತ ಒಬ್ರೂ ಕೇಳಿಲ್ಲ. ಯಾರಾದ್ರೂ ಕೇಳ್ಲಿ ರೀ. ಉತ್ರ ತಯಾರಿಟ್ಕೊಂಡೀನಿ.”